ಮೊದಲು ಮೇನ್ ಸ್ವಿಚ್ ಆರಿಸಿ

ನಮ್ಮ ಬಾಲ್ಕನಿ ಬಾಗಿಲಿನ ಹೊಸ್ತಿಲ ಮೇಲೆ ಮುದ್ದೆ ಕೋಲು ನಿಲ್ಲಿಸಿರುವುದನ್ನು ನೋಡಿದಾಗಲೆಲ್ಲ ನೀವಿಬ್ಬರೂ ನಗುತ್ತೀರಿ. “ಅಜ್ಜಿ, ನಿಮ್ಮ ವಾಚ್‌ಮನ್ ಇನ್ನೂ ಡ್ಯೂಟಿ ಮೇಲೇ ಇದಾನೆ” ಎಂದು ನಿಶಾಂತ ಹಂಗಿಸುತ್ತಾನೆ. ಮುದ್ದೆ ತಿರುವುವ ಕೋಲಿಗೆ ಬಾಗಿಲಲ್ಲೇನು ಕೆಲಸ ಎಂದು ಅನಘಾ, ನೀನು ಎಷ್ಟೋ ಸಲ ಕೇಳಿದ್ದೀಯ. ನಾನು “ಇರಲಿ ಬಿಡು” ಎಂದು ಒಳಗೆ ಹೋಗಿದ್ದೇನೆ. ನನಗೆ ಎದುರು ಕೂತು ಮಾತಾಡಲು ಬರುವುದಿಲ್ಲ. ನಾಲ್ಕು ಜನರ ಮುಂದೆ ಬಾಯಿ ತೆರೆದರೆ ಗಂಟಲು ಒಣಗುತ್ತದೆ, ಸಿಟ್ಟು ಬಂದರಂತೂ ಪೂರ್ತಿ ಕಟ್ಟಿಹೋಗುತ್ತದೆ. ಅದಕ್ಕೆ ಬರೆಯುತ್ತಿದ್ದೇನೆ. ನಿಮಗೆ ಕನ್ನಡ ಓದಲು ಬರುವುದಿಲ್ಲ, ನಿಮ್ಮಮ್ಮ ಓದಿ ಹೇಳಲಿ.

ಈಗಲೇ ಬರೆಯಲು ಕಾರಣವಿದೆ. ಅನಘಾ, ನೀನು ಕಾರ್ಲ್ಸ್‌ರುಹೆಯಲ್ಲಿ ಓದು ಮುಗಿಸಿ ಸೇರಿಕೊಂಡಿರುವುದು ನಾನು ಮಾಡುತ್ತಿದ್ದ ಕೆಲಸಕ್ಕೇ. ನಿನ್ನ ಕೆಲಸಕ್ಕೆ ಉದ್ದನೆಯ ಹೆಸರಿದೆ, ನನ್ನದಕ್ಕೆ ಹೆಸರೇ ಇರಲಿಲ್ಲ. ಆದರೆ ಕೆಲಸ ಅದೇ. ಈ ಜರ್ಮನ್ ದೇಶದಲ್ಲಿ ನಮ್ಮ ಕಡಲತೀರದ ಹಾಗೆ ಚಂಡಮಾರುತ ಬರುವುದಿಲ್ಲ. ಚಳಿಗಾಲದಲ್ಲಿ ಚಾವಣಿಯ ಹೆಂಚು ಹಾರಿಸುವ ಬಿರುಗಾಳಿ, ಬೇಸಿಗೆಯಲ್ಲಿ ಮೋಡ ಒಡೆದಂತೆ ಸುರಿಯುವ ಮಳೆ. ಎರಡಕ್ಕೂ ಕಾಲವಿದೆ. ಆ ಕಾಲ ಬರುವ ಮೊದಲು ಶಾಲೆ, ಗೋದಾಮು, ವೃದ್ಧಾಶ್ರಮಗಳಿಗೆ ಹೋಗಿ ಅವರನ್ನು ಸಿದ್ಧ ಮಾಡಿ ಬರುವುದು ನಮ್ಮ ಕೆಲಸ. ‘ಸಿದ್ಧ’ ಎಂಬ ಮಾತು ಕೇಳಿದರೆ ನನಗೆ ಈಗಲೂ ಮೈ ಉರಿಯುತ್ತದೆ. ಏಕೆಂದರೆ ಬಾಗಿಲಿಗೆ ‘ಸಿದ್ಧ’ ಎಂಬ ಹಸಿರು ಚೀಟಿ ಅಂಟಿಸುತ್ತಿದ್ದವಳು ನಾನೇ.

ಪಾಂಡವಪುರದ ಹತ್ತಿರದ ನಮ್ಮೂರಿನ ಶಾಲೆ ಏಳನೇ ಕ್ಲಾಸಿಗೆ ಮುಗಿಯುತ್ತಿತ್ತು, ನನ್ನ ಓದೂ ಅಲ್ಲಿಗೇ ಮುಗಿಯಿತು. ನಿಮ್ಮ ತಾತ ಇಲ್ಲಿ ಫೊಯರ್‌ಬಾಕ್‌ನ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು, ಮದುವೆಯಾಗಿ ನಾನೂ ಇಲ್ಲಿಗೆ ಬಂದೆ. ಅವರು ತೀರಿಕೊಂಡಾಗ ನಿಮ್ಮಮ್ಮ ಇನ್ನೂ ಶಾಲೆಯಲ್ಲಿದ್ದಳು. ನಮ್ಮ ಮನೆಯ ಹಿಂದಿನ ಅಂಗಳದಲ್ಲೇ ಕ್ಲೈನ್ ಸಾಹೇಬರ ಸಣ್ಣ ಕಂಪನಿ ಇತ್ತು. ಅಲ್ಲಿ ಪಂಪು, ಹಗ್ಗ, ಹಲಗೆ ತೊಳೆದು ಒಣಗಿಸುವವರು ಬೇಕಿತ್ತು. ಮಾತಾಡಬೇಕಾಗಿಲ್ಲದ ಕೆಲಸ ಎಂದು ಸೇರಿಕೊಂಡೆ. ಸ್ವಲ್ಪ ಕಾಲದಲ್ಲೇ ಅವರು ನನ್ನನ್ನು ವ್ಯಾನಿನಲ್ಲಿ ಜೊತೆಗೆ ಕರೆದುಕೊಂಡು ಹೋಗತೊಡಗಿದರು. ಕೋಣೆ ಕೋಣೆಯ ಬಾಗಿಲು ಬಡಿದು ಒಳಗೆ ಯಾರಿದ್ದಾರೆ ಎಂದು ನೋಡುವುದು, ಕೊನೆಗೆ ಹಸಿರು ಚೀಟಿ ಅಂಟಿಸುವುದು ನನ್ನ ಪಾಲಿಗೆ ಬಂತು.

ಕ್ಲೈನ್ ಸಾಹೇಬರದು ದೊಡ್ಡ ಗಂಟಲು. ಒಂದು ತಿರುಪು ಕಳೆದುಹೋದರೂ ಇಡೀ ಬೀದಿಗೆ ಗೊತ್ತಾಗುತ್ತಿತ್ತು. ಆದರೆ ಅವರಿಗೊಂದು ಪದ್ಧತಿ ಇತ್ತು. ಯಾವ ಕಟ್ಟಡಕ್ಕೆ ಹೋದರೂ ಕಾಫಿ ಕುಡಿಯುವ ಮೊದಲು, ಕೋಟು ಬಿಚ್ಚುವ ಮೊದಲು, ಕೆಳಗಿಳಿದು ಮೇನ್ ಸ್ವಿಚ್ ಆರಿಸುವುದು. ಆರಿಸಿ ಸುಮ್ಮನೆ ನಿಂತು ಕಿವಿಗೊಡುವುದು. ಯಾವ ಬಾಗಿಲು ತೆರೆಯುವುದಿಲ್ಲ, ಯಾರು ಕೂಗುತ್ತಾರೆ, ಯಾರ ಕೂಗು ಯಾರಿಗೂ ಕೇಳಿಸುವುದಿಲ್ಲ ಎಂದು ಆಗ ತಿಳಿಯುತ್ತದೆ. “ಬಿರುಗಾಳಿ ಮೊದಲು ಕರೆಂಟ್ ತಿನ್ನುತ್ತೆ, ಆಮೇಲೆ ಮಿಕ್ಕಿದ್ದು” ಎನ್ನುತ್ತಿದ್ದರು.

ಒಮ್ಮೆ ಒಂದು ಶಾಲೆಯಲ್ಲಿ ಸ್ವಿಚ್ ಆರಿಸಿದಾಗ ಹೆಡ್‌ಮಾಸ್ಟರು ಲಿಫ್ಟಿನೊಳಗಿದ್ದರು. ಅವರು ಬಾಗಿಲು ಗುದ್ದಿ ಗುದ್ದಿ ಕೂಗಿದ್ದು ಮೂರನೇ ಮಹಡಿಯಲ್ಲಿ ಬಾಗಿಲು ಬಡಿಯುತ್ತಿದ್ದ ನನಗೆ ಬಿಟ್ಟು ಬೇರೆ ಯಾರಿಗೂ ಕೇಳಿಸಲಿಲ್ಲ. ಹೊರಗೆ ಬಂದಾಗ ಕೆಂಪಗೆ ಕುದಿಯುತ್ತಿದ್ದರು.

“ಇದು ಹುಚ್ಚುತನ! ನಾನು ನಿಮ್ಮ ಮೇಲೆ ದೂರು ಕೊಡ್ತೀನಿ!”

“ಕೊಡಿ. ಜೊತೆಗೆ ಇದನ್ನೂ ಬರೀರಿ, ಲಿಫ್ಟಿನೊಳಗಿನ ಗಂಟೆ ಆಫೀಸಿಗೆ ಕೇಳಿಸೋದಿಲ್ಲ ಅಂತ” ಎಂದರು ಕ್ಲೈನ್ ಸಾಹೇಬರು. “ಇವತ್ತು ಒಳಗಿದ್ದೋರು ನೀವು, ಪುಣ್ಯ. ನಾಳೆ ಗಾಲಿಕುರ್ಚಿಯ ಮಗು ಇರಬಹುದು.”

ಮುಂದಿನ ವಾರವೇ ಆ ಗಂಟೆ ಸರಿಹೋಯಿತು. ದೂರೂ ಹೋಯಿತು.

ಎಲ್ಲರಿಗೂ ಹೀಗೆ ಬುದ್ಧಿ ಬರುತ್ತಿರಲಿಲ್ಲ. ಹರ್ಟ್ಸೋಗೆನಾವ್‌ರಾಕ್ ಊರಿನ ಆಚೆ ಒಂದು ದೊಡ್ಡ ಗೋದಾಮು ಇತ್ತು. ಅಪಾಯ ಬಂದಾಗ ಕೆಲಸಗಾರರೆಲ್ಲ ಹೊರಗೆ ಓಡಿಬಂದು ನಿಲ್ಲಬೇಕಾದ ಜಾಗಕ್ಕೆ ಅಲ್ಲೊಂದು ಹಸಿರು ಫಲಕ. ಆ ಫಲಕ ಹೊಡೆದಿದ್ದದ್ದು ಎಲ್ಲಿಗೆ ಗೊತ್ತೇ? ಸಾಲಾಗಿ ಬೆಳೆದ ಎತ್ತರದ ಪಾಪ್ಲಾರ್ ಮರವೊಂದರ ಬೊಡ್ಡೆಗೆ. ಅಂದರೆ ಬಿರುಗಾಳಿ ಬೀಸಿದಾಗ ಎಲ್ಲರೂ ಗಟ್ಟಿಯಾದ ಕಾಂಕ್ರೀಟ್ ಕಟ್ಟಡ ಬಿಟ್ಟು ಓಡಿಬಂದು ಮರದಡಿ ನಿಲ್ಲಬೇಕು! ಕ್ಲೈನ್ ಸಾಹೇಬರು ಬೆರಳು ಎತ್ತಿ ಮರದ ತುದಿ ತೋರಿಸಿದರು. ಅಲ್ಲಿಯ ಅಧಿಕಾರಿ ತಲೆಯಾಡಿಸಿದ.

“ಅರ್ಥ ಆಯ್ತು. ಆದ್ರೆ ಅದು ಬೆಂಕಿಯ ಫಲಕ. ಬೆಂಕಿಗೆ ಮರದಡಿ ಪರವಾಗಿಲ್ಲವಲ್ಲ. ಬದಲಾಯಿಸ್ಬೇಕಾದ್ರೆ ಅನುಮತಿ ಬೇಕು.”

ಆ ಚಳಿಗಾಲದ ಗಾಳಿಗೆ ಫಲಕದ ಮರ ಬುಡಸಮೇತ ಉರುಳಿ ಸೈಕಲ್ ಷೆಡ್ ಜಜ್ಜಿಹೋಯಿತು. ಭಾನುವಾರವಾದ್ದರಿಂದ ಯಾರೂ ಇರಲಿಲ್ಲ. ಮುಂದಿನ ವರ್ಷ ನಾವು ಹೋದಾಗ ಬಿದ್ದ ಮರವನ್ನು ಅಚ್ಚುಕಟ್ಟಾಗಿ ಕೊಯ್ದು ಸಾಗಿಸಿದ್ದರು. ಫಲಕವನ್ನು ಪಕ್ಕದ ಮರಕ್ಕೆ ಹೊಡೆದಿದ್ದರು. ನಾನು ವ್ಯಾನಿನಲ್ಲಿ ಕೂತು ನಕ್ಕೆ. ಮನೆಗೆ ಬಂದ ಮೇಲೆ ಅನ್ನ ಸೇರಲಿಲ್ಲ.

ಇನ್ನೊಂದು ಶಿಶುವಿಹಾರದಲ್ಲಿ ಮರಳಿನ ಚೀಲ ಎಲ್ಲಿ ಎಂದು ಕೇಳಿದೆವು. ಮಡಿಸಿ ಇಸ್ತ್ರಿ ಮಾಡಿದಂತೆ ಕಪಾಟಿನಲ್ಲಿ ಇಟ್ಟಿದ್ದ ಖಾಲಿ ಚೀಲಗಳನ್ನು ತೋರಿಸಿದರು. ಮರಳು? ಅದು ಬೇಕಾದಾಗ ಫೋನ್ ಮಾಡಿದರೆ ಬರುತ್ತದಂತೆ, ಶನಿವಾರ ಭಾನುವಾರ ಬಿಟ್ಟು. ಮಳೆಗೂ ಶನಿವಾರ ಭಾನುವಾರ ರಜೆ ಎಂದುಕೊಂಡಿದ್ದರು.

ಇವೆಲ್ಲ ನಗುವ ಕಥೆಗಳು. ಈಗ ಹೇಳುವುದು ನಗುವ ಕಥೆಯಲ್ಲ.

ಕಾಲ ಹೋದಂತೆ ಕಟ್ಟಡಗಳಲ್ಲಿ ಎಲ್ಲವೂ ಕಂಪ್ಯೂಟರ್ ಆಯಿತು. ಮೇನ್ ಸ್ವಿಚ್ ಆರಿಸುತ್ತೇವೆ ಎಂದರೆ ಜನ ಹೌಹಾರುತ್ತಿದ್ದರು. ಸರ್ವರ್ ಕೆಡುತ್ತದೆ, ಅಡುಗೆಮನೆಯ ಶೀತಪೆಟ್ಟಿಗೆ ಕೆಡುತ್ತದೆ, ಅಲಾರಂ ಹೊಡೆದು ಪೊಲೀಸರು ಬರುತ್ತಾರೆ. ಕ್ಲೈನ್ ಸಾಹೇಬರು ಮೊದಮೊದಲು ಜಗಳವಾಡಿದರು, ಆಮೇಲೆ ಗೊಣಗಿದರು, ಕೊನೆಗೆ ಗಿರಾಕಿಗಳು ಕೈಬಿಟ್ಟುಹೋಗುತ್ತಾರೆಂದು ಸುಮ್ಮನಾದರು. ನಮ್ಮ ಇಡೀ ಕೆಲಸದಲ್ಲಿ ನಿಜವಾಗಿದ್ದದ್ದು ಆ ಸ್ವಿಚ್ ಒಂದೇ, ಅದನ್ನೇ ಬಿಟ್ಟುಬಿಟ್ಟೆವು. ಉಳಿದದ್ದು ಮೀಟಿಂಗು, ಗೋಡೆಯ ಮೇಲೆ ಬಣ್ಣದ ಚಿತ್ರ, ಕಾಫಿ, ಪ್ಲಮ್ ಕೇಕು. ಸಾಹೇಬರ ಮೇಲೆ ನನಗೆ ಗೌರವವಿದೆ. ಈ ವಿಷಯದಲ್ಲಿ ಮಾತ್ರ ಈಗಲೂ ಸಿಟ್ಟಿದೆ.

ಆ ಹೊತ್ತಿಗೆ ಇಮ್ತಿಯಾಜ್ ನಮ್ಮಲ್ಲಿಗೆ ಇಂಜಿನಿಯರ್ ಆಗಿ ಬಂದ. ಹಾಸನದವನು. ದಿನವಿಡೀ ಜರ್ಮನ್ ಕೇಳಿ ಕೇಳಿ ಸಾಕಾಗಿದ್ದ ನನಗೆ ವ್ಯಾನಿನಲ್ಲಿ ಕನ್ನಡ ಕೇಳಿದ್ದೇ ಹಬ್ಬ. “ಅಮ್ಮಾ, ಇವತ್ತು ಎಷ್ಟು ಮಾತಾಡಿದ್ರಿ? ಎರಡಾ, ಮೂರಾ?” ಎಂದು ಸಂಜೆ ಕೇಳುವನು. “ನಿಂದೇ ಸಾಕಲ್ಲಪ್ಪ ಇಬ್ಬರಿಗೂ” ಎನ್ನುವೆ.

ನಾವು ನೋಡಿಕೊಳ್ಳುತ್ತಿದ್ದ ವೃದ್ಧಾಶ್ರಮವೊಂದು ಸಣ್ಣ ಹಳ್ಳದ ದಂಡೆಯಲ್ಲಿತ್ತು. ಇಳಿಜಾರಿನಲ್ಲಿ ಕಟ್ಟಿದ ಮನೆ. ಮುಂಬಾಗಿಲು, ಮೆಟ್ಟಿಲು, ಲಿಫ್ಟು ಎಲ್ಲ ಹಳ್ಳದ ಕಡೆ, ತಗ್ಗಿನಲ್ಲಿ. ಹಿಂದುಗಡೆ ತೋಟ, ಮೇಲಕ್ಕೆ ಏರುತ್ತ ಹೋಗುತ್ತದೆ. ಕೆಳ ಅಂತಸ್ತಿನಲ್ಲಿ ಗಾಲಿಕುರ್ಚಿಯವರೂ ಹಾಸಿಗೆ ಹಿಡಿದವರೂ ಇದ್ದರು. ಅವರ ಪ್ರತಿ ಕೋಣೆಗೂ ತೋಟಕ್ಕೆ ಒಂದು ಗಾಜಿನ ಬಾಗಿಲು. ನೀರು ಮುಂದಿನಿಂದ ಬಂದರೆ ಅವರು ಹೊರಡಬೇಕಾದ್ದು ಆ ಬಾಗಿಲುಗಳಿಂದಲೇ.

ಅದರ ಮುಖ್ಯಸ್ಥೆ ಹಾರ್ಟ್‌ಮನ್ ಮೇಡಂ. ಯಾವಾಗಲೂ ನಗುಮುಖ. ನೀವು ಏನು ಹೇಳಿದರೂ “ಬಹಳ ಒಳ್ಳೆಯ ಸೂಚನೆ” ಎನ್ನುತ್ತಿದ್ದರು, ಆ ಸೂಚನೆ ಅಲ್ಲಿಗೇ ಸಾಯುತ್ತಿತ್ತು. ಒಂದು ವರ್ಷ ನಮ್ಮನ್ನೆಲ್ಲ ತೋಟದಲ್ಲಿ ನಿಲ್ಲಿಸಿ ಹೊಸ ವ್ಯವಸ್ಥೆ ತೋರಿಸಿದರು. ಇಲ್ಲಿ ಕಿಟಕಿ ಬಾಗಿಲುಗಳಿಗೆಲ್ಲ ಹೊರಗಿನಿಂದ ಷಟರ್ ಇರುವುದು ನಿಮಗೆ ಗೊತ್ತೇ ಇದೆ. ನಮ್ಮೂರ ಅಂಗಡಿ ಷಟರ್ ಇದ್ದ ಹಾಗೆ. ಮೊದಲು ಒಳಗಿನಿಂದ ಪಟ್ಟಿ ಎಳೆದು ಏರಿಸಿ ಇಳಿಸುತ್ತಿದ್ದರು. ಈಗ ಎಲ್ಲಕ್ಕೂ ಮೋಟರು. ಗಾಳಿ ಜೋರಾದರೆ ತಾವಾಗಿಯೇ ಇಳಿದು ಗಾಜು ಕಾಯುತ್ತವೆ. ಮೇಡಂ ಒಂದು ಬಟನ್ ಒತ್ತಿದರು. ಸಾಲಿನ ಷಟರುಗಳೆಲ್ಲ ಒಟ್ಟಿಗೆ ಗರ್ರನೆ ಇಳಿದವು. ನೆರೆದವರು ಚಪ್ಪಾಳೆ ತಟ್ಟಿದರು.

ಒಂದು ಷಟರ್ ಮಾತ್ರ ಅರ್ಧ ಇಳಿದು, ಬೆಚ್ಚಿದಂತೆ ನಿಂತು, ಮತ್ತೆ ಮೇಲಕ್ಕೆ ಹೋಯಿತು. ಅದರ ಕೆಳಗೆ ಒಂದು ಉದ್ದನೆಯ ಮರದ ಸೌಟು ನೆಟ್ಟಗೆ ನಿಂತಿತ್ತು. ಇಳಿಯುವಾಗ ಏನಾದರೂ ಅಡ್ಡ ಸಿಕ್ಕರೆ, ಯಾರದಾದರೂ ಕೈಯಿದ್ದೀತೆಂದು, ಮೋಟರು ಷಟರನ್ನು ಹಿಂದಕ್ಕೆ ಎಳೆದುಕೊಳ್ಳುತ್ತದೆ. ಅಷ್ಟೇ ಅದರ ಗುಟ್ಟು.

ಗಾಜಿನಾಚೆ ಸೋಫಾದಲ್ಲಿ ಕೂತಿದ್ದವರು ಲೋಟ್ಟೆಯಮ್ಮ. ಲೋಟ್ಟೆ ಎಂದು ಅವರ ಹೆಸರು, ಅಮ್ಮ ಎಂದು ಸೇರಿಸಿದವಳು ನಾನು. ಎಂಬತ್ತು ದಾಟಿದ ಹೆಂಗಸು. ಬಾಗಿಲು ಸರಿಸಿ ತಲೆ ಹೊರಗೆ ಹಾಕಿದರು.

“ಸಂಜೆ ಆದ್ರೆ ಗೂಡಿನ ಬಾಗಿಲು ಹಾಕೋಕೆ ನಾನೇನು ಕೋಳಿಯಾ? ನಂಗೆ ಬೇಕಾದಾಗ ಆಚೆ ಬರ್ತೀನಿ, ಬೇಕಾದಾಗ ಒಳಗೆ ಹೋಗ್ತೀನಿ.”

“ಇದು ನಿಮ್ಮ ಸುರಕ್ಷತೆಗೇ...” ಎಂದರು ಮೇಡಂ.

“ಕೋಳಿಗೂ ಹಾಗೇ ಹೇಳ್ತಾರೆ.”

ಇಮ್ತಿಯಾಜ್ ನಗು ತಡೆಯಲಾರದೆ ಕೆಮ್ಮಿದ. ಆಮೇಲಿನ ಮೀಟಿಂಗಿನಲ್ಲಿ ನಾನು ಕೈ ಎತ್ತಿದೆ. ಇಷ್ಟು ವರ್ಷದಲ್ಲಿ ಅದೇ ಮೊದಲು. “ಕರೆಂಟ್ ಹೋದರೆ ಇದನ್ನು ಹೇಗೆ ಎತ್ತುತ್ತಾರೆ?” ಎಂದಷ್ಟೇ ಕೇಳಿದೆ. ನನ್ನ ಮುರುಕು ಜರ್ಮನ್‌ನಲ್ಲಿ ಅಷ್ಟಕ್ಕೇ ಬೆವರಿದ್ದೆ.

“ಬಹಳ ಒಳ್ಳೆಯ ಪ್ರಶ್ನೆ, ಫ್ರಾವ್ ಜಯಮ್ಮ. ಕೈಯಿಂದ ತಿರುಗಿಸೋ ಹ್ಯಾಂಡಲ್ ಸಿಗುತ್ತೆ. ಆದ್ರೆ ನಮ್ಮ ವೃದ್ಧರು ಅದನ್ನ ಹಿಡಿದು ಆಡ್ತಾರೆ, ಹಾಳು ಮಾಡ್ತಾರೆ. ಮುಂದೆ ನೋಡೋಣ.”

ಕ್ಲೈನ್ ಸಾಹೇಬರು ಕೇಕಿನ ತಟ್ಟೆ ನೋಡುತ್ತ ಕೂತಿದ್ದರು. ಹಿಂದಿನ ಕ್ಲೈನ್ ಆಗಿದ್ದರೆ ಎದ್ದು ಹೋಗಿ ಸ್ವಿಚ್ ಆರಿಸುತ್ತಿದ್ದರು.

ಬೇಸಿಗೆಯ ಒಂದು ಮಧ್ಯಾಹ್ನ. ಮುಂಬಾಗಿಲಿಗೆ ನೀರು ತಡೆಯಲು ಅಡ್ಡ ಹಾಕುವ ಹಲಗೆಗಳ ರಬ್ಬರ್ ಸವೆದಿತ್ತು. ಅದನ್ನು ಬದಲಾಯಿಸಲು ನಾನೂ ಇಮ್ತಿಯಾಜನೂ ಆ ಮನೆಗೆ ಹೋಗಿದ್ದೆವು. ಆಕಾಶ ಹಿತ್ತಾಳೆ ಪಾತ್ರೆ ಕಿಲುಬು ಹಿಡಿದ ಹಾಗೆ ಹಸಿರುಗಪ್ಪಾಯಿತು. ಗಾಳಿ ಎದ್ದಿತು. ಷಟರುಗಳು ಹೇಳಿದಂತೆಯೇ ತಾವಾಗಿ ಇಳಿದವು. ಮಳೆ ಸುರಿಯತೊಡಗಿದ ಸ್ವಲ್ಪ ಹೊತ್ತಿಗೆ ದೀಪ ಹೋಯಿತು.

ನಾವು ಹಲಗೆ ಹಾಕಿದೆವು. ಅದು ಒಂದು ಹನಿಯನ್ನೂ ಒಳಗೆ ಬಿಡಲಿಲ್ಲ. ನೀರು ಬಂದದ್ದು ನೆಲಮಾಳಿಗೆಯ ಚರಂಡಿಯಿಂದ, ಮೆಟ್ಟಿಲು ಹತ್ತಿಕೊಂಡು, ಮನೆಯವರ ಹಾಗೆ. ಕಾರಿಡಾರಿನಲ್ಲಿ ನೀರು ಬಂದ ತುದಿಯಲ್ಲೇ ಮೇಲಿನ ಅಂತಸ್ತಿಗೆ ಹೋಗುವ ಮೆಟ್ಟಿಲೂ ಲಿಫ್ಟೂ ಇದ್ದದ್ದು. ಲಿಫ್ಟು ಸತ್ತಿತ್ತು, ಮೆಟ್ಟಿಲ ಬಾಯಲ್ಲಿ ಕಂದು ನೀರು ಸುಳಿ ತಿರುಗುತ್ತಿತ್ತು. ಆ ಸಾಲಿನಲ್ಲಿ ಕೆಲಸದಲ್ಲಿದ್ದವರು ಇಬ್ಬರೇ ದಾದಿಯರು.

ಎಲ್ಲರೂ ತೋಟದ ಬಾಗಿಲುಗಳ ಕಡೆ ಓಡಿದೆವು. ಗಾಜು ಸರಿಯಿತು. ಅದರ ಹಿಂದೆ ಷಟರ್, ಗೋಡೆಯ ಹಾಗೆ. ಹಗಲು ಹೊತ್ತಿನಲ್ಲಿ ಕೋಣೆಗಳು ಬಾವಿಯಂತೆ ಕಪ್ಪಾಗಿದ್ದವು. ಒಳಗಿನಿಂದ ಒಬ್ಬರು ತಾಯಿಯನ್ನು ಕೂಗುತ್ತಿದ್ದರು, ಒಬ್ಬರು ಪ್ರಾರ್ಥನೆ ಹೇಳುತ್ತಿದ್ದರು.

“ಅಮ್ಮಾ, ಬಟನ್ ಒತ್ತಿದ್ರೆ ಏಳ್ತಿಲ್ಲ!” ಇಮ್ತಿಯಾಜ್ ಕೂಗಿದ. ನಮ್ಮ ಕಬ್ಬಿಣದ ಸಲಾಕೆ ಕೊಟ್ಟೆ. ಷಟರ್ ಬಗ್ಗಿತೇ ಹೊರತು ಏಳಲಿಲ್ಲ. ಕಳ್ಳರು ಎತ್ತಬಾರದೆಂದೇ ಹಾಗೆ ಮಾಡಿರುತ್ತಾರೆ. ಕಳ್ಳರನ್ನು ಹೊರಗಿಡುವುದಕ್ಕೆ ಇಷ್ಟೊಂದು ಯೋಚಿಸಿದವರು ಮುದುಕರನ್ನು ಹೊರಗೆ ತರುವುದಕ್ಕೆ ಒಂದು ಹ್ಯಾಂಡಲಿನಷ್ಟೂ ಯೋಚಿಸಿರಲಿಲ್ಲ. ನೀರು ಮೊಣಕಾಲಿನ ಹತ್ತಿರ ಬರುತ್ತಿತ್ತು.

ಆಗ ಕಾರಿಡಾರಿನ ಹಿಂದಿನ ತುದಿಯಲ್ಲಿ ಒಂದು ಕೋಣೆಯ ಬಾಗಿಲು ತೆರೆಯಿತು. ಬೆಳಕು ನೀರಿನ ಮೇಲೆ ಉದ್ದಕ್ಕೆ ಬಿತ್ತು.

“ಯಾಕೆ ಕತ್ತಲಲ್ಲಿ ಕಿರುಚಾಡ್ತಿದ್ದೀರಿ? ಇಲ್ಲಿ ಬೆಳಕಿದೆ, ಬನ್ನಿ!”

ಲೋಟ್ಟೆಯಮ್ಮ. ಅವರ ಷಟರ್ ಸೌಟು ತಗುಲಿ ಮೇಲಕ್ಕೆ ಹೋಗಿ ನಿಂತುಬಿಟ್ಟಿತ್ತು. ಆ ಬಾಗಿಲಾಚೆ ತೋಟ, ಏರು, ಮಳೆ, ಬದುಕು.

ಒಬ್ಬೊಬ್ಬರನ್ನೇ ತಳ್ಳಿಕೊಂಡು, ಎತ್ತಿಕೊಂಡು, ಹಾಸಿಗೆ ಹಿಡಿದವರನ್ನು ಹೊದಿಕೆಯಲ್ಲಿ ಹೊತ್ತುಕೊಂಡು ಆ ಒಂದೇ ಕೋಣೆಯ ಮೂಲಕ ಹೊರಗೆ ತಂದೆವು. ಲೋಟ್ಟೆಯಮ್ಮ ಬಾಗಿಲಲ್ಲಿ ನಿಂತು ಕಂಡಕ್ಟರ್ ಹಾಗೆ ಹತ್ತಿಸಿ ಇಳಿಸಿದರು. ಕೆಸರು ಗಾಲಿ ಒಳಗೆ ಬಂದಾಗಲೆಲ್ಲ ಗದರಿದರು.

“ಚಕ್ರ ಎತ್ತಿ, ಚಕ್ರ! ಆ ಜಮಖಾನ ನನ್ನ ಮದುವೇದು!”

“ಅಜ್ಜಿ, ಜಮಖಾನ ಈಜ್ತಾ ಇದೆ!” ಎಂದ ಇಮ್ತಿಯಾಜ್, ಬೆನ್ನ ಮೇಲೆ ಒಬ್ಬ ಮುದುಕರನ್ನು ಹೊತ್ತುಕೊಂಡು.

“ಈಜಲಿ, ನೀನು ಮಾತ್ರ ಅದನ್ನ ತುಳೀಬೇಡ.”

ಅಗ್ನಿಶಾಮಕದವರು ಬಂದಾಗ ಎಲ್ಲರೂ ಏರಿನ ಮೇಲಿನ ತೋಟದ ಮನೆಯಲ್ಲಿ ನಡುಗುತ್ತ ಕೂತಿದ್ದರು. ಎಲ್ಲರೂ. ಆಮೇಲೆ ನೀರು ಇಳಿದ ಕೋಣೆಗಳನ್ನು ನಾನು ನೋಡಿದೆ. ಹಾಸಿಗೆಗಳೆಲ್ಲ ನೆನೆದು ಭಾರವಾಗಿದ್ದವು, ದಿಂಬುಗಳು ನೆಲದ ಮೇಲಿದ್ದವು. ಅಷ್ಟು ಎತ್ತರಕ್ಕೆ ನೀರು ಬಂದಿತ್ತು. ಏಳಲಾರದವರು ಆ ಹಾಸಿಗೆಗಳ ಮೇಲೆ, ಆ ಕತ್ತಲಲ್ಲಿ ಇದ್ದಿದ್ದರೆ ಎಂದು ಯೋಚಿಸಬೇಡವೆಂದರೂ ಇಂದಿಗೂ ಯೋಚನೆ ಬರುತ್ತದೆ.

ಇದಾದ ಮೇಲಾದರೂ ಕಣ್ಣು ತೆರೆಯುತ್ತದೆ ಎಂದುಕೊಂಡೆ. ಮನೆ ಒಣಗಿ, ಗೋಡೆಗೆ ಹೊಸ ಬಣ್ಣ ಬಂದ ಮೇಲೆ ಪರಿಶೀಲನೆಯ ಸಭೆ ನಡೆಯಿತು. ಮೇಡಂ ವರದಿ ಓದಿದರು. ಷಟರ್ ವ್ಯವಸ್ಥೆ ನಿರೀಕ್ಷೆಯಂತೆ ಕೆಲಸ ಮಾಡಿತು, ಯಾವ ಗಾಜೂ ಒಡೆಯಲಿಲ್ಲ, ಒಂದು ಕೋಣೆಯಲ್ಲಿ ಮಾತ್ರ ಅನ್ಯವಸ್ತುವಿನಿಂದ ಅಡಚಣೆಯಾಯಿತು ಎಂದಿತ್ತು ಅದರಲ್ಲಿ. ಅನ್ಯವಸ್ತು! ಆ ಸಾಲಿನ ಅಷ್ಟೂ ಜೀವಗಳನ್ನು ಉಳಿಸಿದ ಸೌಟು ಅನ್ಯವಸ್ತು. ಲೋಟ್ಟೆಯಮ್ಮನನ್ನು ಅವರ ಸುರಕ್ಷತೆಗಾಗಿ ಎರಡನೇ ಮಹಡಿಗೆ ಹಾಕಿದ್ದರು. ಅಲ್ಲಿ ತೋಟದ ಬಾಗಿಲಿಲ್ಲ.

“ಹ್ಯಾಂಡಲ್?” ಎಂದು ಇಮ್ತಿಯಾಜ್ ಕೇಳಿದ.

“ಪರಿಶೀಲನೆಯಲ್ಲಿದೆ. ಬಹಳ ಒಳ್ಳೆಯ ಸೂಚನೆ.”

ಕಣ್ಣಲ್ಲಿ ನೀರು ಬಂತು, ದುಃಖಕ್ಕಲ್ಲ. ಹೇಳಬೇಕಾದ ಮಾತುಗಳು ಕನ್ನಡದಲ್ಲಿ ಬಾಯ ತನಕ ಬಂದವು, ಬೈಗುಳಗಳೂ ಸೇರಿ. ಒಂದೂ ಹೊರಗೆ ಬರಲಿಲ್ಲ. ಸಭೆ ಮುಗಿದು ಹಸಿರು ಚೀಟಿ ಅಂಟಿಸುವ ನನ್ನ ಸರದಿ ಬಂತು. ಬಾಗಿಲ ಹತ್ತಿರ ಹೋದೆ, ಚೀಟಿಯ ಹಿಂದಿನ ಕಾಗದ ಬಿಡಿಸಲಿಲ್ಲ. ಏಪ್ರನ್ ಜೇಬಿಗೆ ಹಾಕಿಕೊಂಡು ವ್ಯಾನಿಗೆ ಬಂದು ಕೂತೆ.

ದಾರಿಯಲ್ಲಿ ಕ್ಲೈನ್ ಸಾಹೇಬರಿಗೆ ಗೊತ್ತಾಯಿತು.

“ಅಂಟಿಸ್ಲಿಲ್ವಾ? ನಿನಗೆ ತಲೆ ಕೆಟ್ಟಿದೆಯಾ? ವಾಪಸ್ ಹೋಗೋಣ.”

“ನಾನು ಅಂಟಿಸಲ್ಲ.”

“ಹಾಗಾದ್ರೆ ನಾನೇ ಅಂಟಿಸ್ತೀನಿ.”

“ಅಂಟಿಸಿ. ಮೊದಲು ಸ್ವಿಚ್ ಆರಿಸಿ, ಆಮೇಲೆ ಅಂಟಿಸಿ.”

ಅವರು ವ್ಯಾನನ್ನು ಪಕ್ಕಕ್ಕೆ ಹಾಕಿದವರು ಮತ್ತೆ ನಮ್ಮ ಅಂಗಳದ ಕಡೆಗೇ ಹೊರಟರು. ವಾಪಸ್ ಹೋಗಲಿಲ್ಲ. ಆದರೆ ಸಾಹೇಬರು ಮರುದಿನ ಬೇರೆಯವರನ್ನು ಕಳಿಸಿ ಚೀಟಿ ಅಂಟಿಸಿದರು. ಅದನ್ನು ಅವರೇ ಬಂದು ನನಗೆ ಹೇಳಿದರು, ಮುಖ ನೋಡದೆ. ನಾನು ಆ ತಿಂಗಳೇ ಕೆಲಸ ಬಿಟ್ಟೆ. ನಿವೃತ್ತಿಗೆ ಹೇಗೂ ಹತ್ತಿರವಾಗಿದ್ದೆ. ನಿವೃತ್ತಿ ಎಂದು ನೀವೆಲ್ಲ ಹೂಗುಚ್ಛ ತಂದಿರಲ್ಲ, ಆಗ ನಾನು ಏಕೆ ನಗಲಿಲ್ಲ ಎಂದು ಈಗ ಗೊತ್ತಾಗಲಿ.

ಸಾಹೇಬರಿಗೆ ವಯಸ್ಸಾಗಿ ಅಂಗಳವನ್ನೂ ಗಿರಾಕಿಗಳನ್ನೂ ಒಂದು ದೊಡ್ಡ ಕಂಪನಿಗೆ ಮಾರಿದರು. ಇಮ್ತಿಯಾಜ್ ಊರಿಗೆ ಹೋಗಿ ತನ್ನದೇ ಕೆಲಸ ಹಿಡಿದ. ನಾನು ಮಾತ್ರ ಭಾನುವಾರಗಳಂದು ಲೋಟ್ಟೆಯಮ್ಮನನ್ನು ನೋಡಲು ಹೋಗುತ್ತಿದ್ದೆ. ಹೋದ ವಸಂತದಲ್ಲಿ ಒಂದು ದಿನ ತೋಟದ ಕಡೆಯಿಂದ ಬಂದೆ. ಕೆಳ ಅಂತಸ್ತಿನ ಬಾಗಿಲುಗಳನ್ನು ನೋಡಿ ನಿಂತುಬಿಟ್ಟೆ. ಪ್ರತಿಯೊಂದರ ಹೊಸ್ತಿಲಲ್ಲೂ ಒಂದೊಂದು ಮರದ ಸೌಟು.

“ಯಾರದಿದು?” ಎಂದೆ.

“ನಂದೇ. ಅಡುಗೆಮನೆಯವರು ಬೈತಾರೆ, ಬೈಲಿ” ಎಂದರು ಲೋಟ್ಟೆಯಮ್ಮ. “ಊಟ ಆದ್ಮೇಲೆ ಲಿಫ್ಟಲ್ಲಿ ಕೆಳಗೆ ಬಂದು ಒಂದೊಂದು ಕೋಣೆಗೂ ಇಡ್ತೀನಿ. ಹಾರ್ಟ್‌ಮನ್ ಹೇಳಿದ್ರೆ ದಾದಿಯರು ತೆಗೀತಾರೆ. ಅವಳು ಆ ಕಡೆ ಹೋದ್ಮೇಲೆ ಅವರೇ ವಾಪಸ್ ಇಡ್ತಾರೆ.”

ಆಕೆ ನಗುತ್ತಿದ್ದರು. ನನಗೆ ನಗು ಬರಲಿಲ್ಲ. ಇಷ್ಟು ದೊಡ್ಡ ಶ್ರೀಮಂತ ದೇಶ, ಇಷ್ಟೊಂದು ಇಂಜಿನಿಯರುಗಳು, ಆ ಮುದುಕರ ಜೀವ ಮಾತ್ರ ಕದ್ದ ಸೌಟುಗಳ ಮೇಲೆ ನಿಂತಿದೆ. ಅಂದು ಮನೆಗೆ ಬಂದು ನಮ್ಮ ಬಾಲ್ಕನಿಗೂ ಮುದ್ದೆ ಕೋಲು ನಿಲ್ಲಿಸಿದೆ. ಅದಕ್ಕೆ ಅಲ್ಲೇನು ಕೆಲಸ ಎಂದರೆ ಇದೇ ಕೆಲಸ.

ಈಗ ನಿನ್ನ ವಿಷಯ, ಅನಘಾ. ಆ ದೊಡ್ಡ ಕಂಪನಿಗೇ ನೀನು ಸೇರಿದ್ದೀಯ. ಕಳೆದ ವಾರ ಊಟಕ್ಕೆ ಬಂದವಳು ಟ್ಯಾಬ್ ತೋರಿಸಿದೆ. ಈ ಬೇಸಿಗೆಗೆ ಮೊದಲು ನೀನು ಸಿದ್ಧಮಾಡಬೇಕಾದ ಜಾಗಗಳಲ್ಲಿ ಆ ವೃದ್ಧಾಶ್ರಮವೂ ಇತ್ತು. ಅಲ್ಲಿ ಒಂದು ಸಾಲು ಓದಿದೆ: ಷಟರುಗಳ ಕೆಳಗಿನ ಅನ್ಯವಸ್ತುಗಳನ್ನು ತೆಗೆಯಲಾಗಿದೆಯೇ? ಹೌದು, ಇಲ್ಲ. ನಾನು ಕೈಯಲ್ಲಿದ್ದ ಸಾರಿನ ಪಾತ್ರೆ ಕೆಳಗಿಟ್ಟೆ. ನೀನು “ಏನಾಯ್ತಜ್ಜಿ?” ಎಂದೆ. ನಾನು ಎಂದಿನಂತೆ ಒಳಗೆ ಹೋದೆ. ಆ ಸೌಟುಗಳನ್ನು ಈ ಸಲ ಕೀಳಬೇಕಾದವಳು ನನ್ನ ಮೊಮ್ಮಗಳೇ ಎಂದು ತಿಳಿದ ಆ ಸಂಜೆಯೇ ಇದನ್ನು ಬರೆಯಲು ಕೂತೆ.

ನಿನಗೆ ಹೇಳುವುದು ಇಷ್ಟೇ. ಅವರು ಕೊಡುವ ಕಾಫಿ ಕುಡಿ, ಕೇಕ್ ತಿನ್ನು, ಅದರಲ್ಲಿ ತಪ್ಪಿಲ್ಲ. ಆದರೆ ಮೊದಲು ಮೇನ್ ಸ್ವಿಚ್ ಆರಿಸು. ಬಾಗಿಲು ತೆರೆಯದಿದ್ದರೆ ‘ಸಿದ್ಧ’ ಎನ್ನಬೇಡ. ಯಾರು ನಕ್ಕರೂ, ಯಾರು ಬೈದರೂ.

ಇಲ್ಲಿಗೆ ನಿಲ್ಲಿಸಿದ್ದೆ. ನಿಮ್ಮಮ್ಮ ಭಾನುವಾರ ನಿನಗೆ ಓದಿ ಹೇಳಿದಳು. ಕೇಳಿ ಮುಗಿದ ಕೂಡಲೇ ನೀನು ಎದ್ದು ಹೊರಟುಹೋದೆಯಂತೆ. ನೊಂದುಕೊಂಡೆಯೇನೋ ಎಂದುಕೊಂಡೆ. ಇವತ್ತು ಮಧ್ಯಾಹ್ನ ನಿನ್ನ ಫೋನು ಬಂತು. ನಿಶಾಂತನಿಗೂ ಗೊತ್ತಿರಲಿ ಎಂದು ಅದನ್ನೂ ಬರೆಯುತ್ತೇನೆ.

“ಅಜ್ಜಿ, ಅಲ್ಲೇ ಇದೀನಿ. ‘ಇಲ್ಲ’ ಅಂತ ಒತ್ತಿದ್ರೆ ಈ ಟ್ಯಾಬ್ ಮುಂದಕ್ಕೇ ಹೋಗಲ್ಲ. ‘ಹೌದು’ ಅಂದ್ರೆ ಮಾತ್ರ ಹೋಗುತ್ತೆ.”

“ಮತ್ತೆ?”

“ಲೋಟ್ಟೆಯಮ್ಮನ ಹಳೇ ರೂಮಲ್ಲಿ ಕೂತ್ಕೊಂಡುಬಿಟ್ಟೆ. ಈಗ ಇಲ್ಲಿರೋರು ಊಟಕ್ಕೆ ಹೋಗಿದಾರೆ. ಹಾರ್ಟ್‌ಮನ್ ಬಂದ್ರು. ಸೌಟು ತೆಗೀತೀನಿ, ಹೌದು ಅಂತ್ಲೂ ಒತ್ತುತೀನಿ ಅಂದೆ. ಆದ್ರೆ ಷಟರ್ ಇಳಿಸಿ, ಮೇನ್ ಆರಿಸಿ, ನೀವೂ ನನ್ನ ಜೊತೆ ಈ ರೂಮಲ್ಲಿರಿ, ತೋಟದ ಬಾಗಿಲಿಂದ ಇಬ್ರೂ ಆಚೆ ಹೋಗೋಣ ಅಂದೆ.”

“ಏನಂದ್ರು?”

“ಬಹಳ ಒಳ್ಳೆಯ ಸೂಚನೆ ಅಂದ್ರು. ಐದು ನಿಮಿಷ ಮಾತ್ರ ಅಂತ. ಮೇನ್ ಆರಿಸೋಕೆ ಕೇರ್‌ಟೇಕರ್ ಕೆಳಗೆ ಹೋಗಿದಾನೆ. ಫೋನ್ ಇಡಬೇಡ ಅಜ್ಜಿ, ಕೇಳಿಸ್ಕೋ.”

ನಿನ್ನ ಹಿಂದೆ ಯಾರೋ “ಅವಳಿಗೆ ಹೇಳು, ಇಲ್ಲಿ ಕಾಫಿ ಇನ್ನೂ ಕೆಟ್ಟದಾಗೇ ಇದೆ” ಎಂದರು. ಲೋಟ್ಟೆಯಮ್ಮನ ಗಂಟಲೇ. ಆಮೇಲೆ ಷಟರ್ ಗರ್ರ್ ಎಂದು ಇಳಿಯುವ ಸದ್ದು. ಎಲ್ಲಿಂದಲೋ ಬರುತ್ತಿದ್ದ ಫ್ರಿಜ್ಜಿನ ಗುಂಯ್ ಸದ್ದು ತಟ್ಟನೆ ನಿಂತಿತು.

“ಕತ್ತಲಾಯ್ತಜ್ಜಿ” ಎಂದು ಪಿಸುಗುಟ್ಟಿದೆ ನೀನು. ಮತ್ತೆ ಜೋರಾಗಿ, ಜರ್ಮನ್‌ನಲ್ಲಿ, “ಮೇಡಂ, ಈಗ ಬಾಗಿಲು ತೆರೀರಿ” ಎಂದೆ.

ಗಾಜು ಸರಿದ ಸದ್ದು ಕೇಳಿಸಿತು. ಆಮೇಲೆ ಮೇಡಂ ಗೋಡೆಯ ಷಟರ್ ಬಟನ್ ಒತ್ತಿದ್ದು. ಟಕ್. ಷಟರ್ ಗರ್ರ್ ಎನ್ನಲಿಲ್ಲ. ಮತ್ತೆ, ಟಕ್. ಸ್ವಲ್ಪ ಹೊತ್ತು ಬಿಟ್ಟು, ಇನ್ನೂ ಜೋರಾಗಿ, ಟಕ್ ಟಕ್ ಟಕ್.